ನಮ್ಮ ಅಂಪೈರರ ಸಂಘ ಮಂಡಳಿಗೆ ಸೇರಿದ ಬಗೆ

ಮೊನ್ನೆ ಸಂಜೆ ಇಸ್ತ್ರಿ ಅಂಗಡಿಯ ಮುಂದೆ ಹಾದುಹೋಗುವಾಗ, ಗಂಜಿ ಹಾಕಿದ ಬಿಳಿ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಹರಿದ ವಾಸನೆ ಮೂಗಿಗೆ ಬಂತು. ಆ ವಾಸನೆಯಿಂದ ನಿಮಗೆ ಮದುವೆಯ ಮನೆಯೋ ಧ್ವಜವಂದನೆಯೋ ನೆನಪಾಗಬಹುದು. ನನಗೆ ಎಲ್‌ಬಿಡಬ್ಲ್ಯೂ ನೆನಪಾಗುತ್ತದೆ. ಯಾಕೆಂದು ಹೇಳುತ್ತೇನೆ, ಅವಸರವಿಲ್ಲದಿದ್ದರೆ ಕೂತುಕೊಳ್ಳಿ.

ಅರವತ್ತರ ದಶಕದ ಆರಂಭದ ಮಾತು. ನಾನಾಗ ಇಂಡಿಯಲ್ಲಿ ಒಂದು ಸೊಸೈಟಿಯ ಕಾರಕೂನನಾಗಿದ್ದೆ. ಬ್ಯಾಟು ಹಿಡಿದರೆ ಚೆಂಡು ತಾಗುತ್ತಿರಲಿಲ್ಲ, ಚೆಂಡು ಹಿಡಿದರೆ ಎತ್ತ ಹೋಗುತ್ತದೆಂದು ನನಗೂ ಗೊತ್ತಾಗುತ್ತಿರಲಿಲ್ಲ. ಆದರೂ ಕ್ರಿಕೆಟ್ ಬಿಡಲು ಮನಸ್ಸಿರಲಿಲ್ಲ. ಇಂಥವರಿಗೆ ಉಳಿಯುವುದು ಅಂಪೈರನ ಕೆಲಸವೊಂದೇ. ಹಾಗೆ ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಅಂಪೈರರ ಸಂಘಕ್ಕೆ ಸೇರಿದೆ. ಸಂಘವೆಂದರೆ ದೊಡ್ಡದೇನಲ್ಲ. ಎಲ್ಲರೂ ಒಂದೇ ಜಮಖಾನದ ಮೇಲೆ ಕೂತರೂ ಸ್ವಲ್ಪ ಜಾಗ ಉಳಿಯುತ್ತಿತ್ತು.

ಸಂಘ ಹುಟ್ಟಿದ್ದಕ್ಕೆ ಕಾರಣವಿತ್ತು. ಮೊದಲು ಪ್ರತಿಯೊಂದು ತಂಡವೂ ತನ್ನ ಅಂಪೈರನನ್ನು ತಾನೇ ಕರೆತರುತ್ತಿತ್ತು. ಆ ಅಂಪೈರ್ ತನ್ನ ಊರಿನವನನ್ನು ಔಟ್ ಕೊಡುವುದೆಂದರೆ ಸ್ವಂತ ಅಣ್ಣನ ಮೇಲೆ ಸಾಕ್ಷಿ ಹೇಳಿದ ಹಾಗೆ. ಪಂದ್ಯಗಳು ಮುಗಿಯುತ್ತಿರಲಿಲ್ಲ, ನಿಲ್ಲುತ್ತಿದ್ದವು. ಕೊನೆಗೆ ಇಬ್ಬರು ಕೂಡಿ ಒಂದು ನೇಮ ಮಾಡಿದರು: ಯಾರೂ ತಮ್ಮ ಊರಿನ ತಂಡದ ಪಂದ್ಯಕ್ಕೆ ನಿಲ್ಲಬಾರದು, ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಸಂಘವೇ ಹೇಳಬೇಕು.

ಆ ಇಬ್ಬರಲ್ಲಿ ಒಬ್ಬರು ಬಾಗೇವಾಡಿಯ ಮೌಲಾಸಾಬ ಮಾಸ್ತರರು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು, ಸಂಘದ ಅಧ್ಯಕ್ಷರು. ಇನ್ನೊಬ್ಬರು ಸಿಂದಗಿಯ ಪಾಂಡುರಂಗ ವಕೀಲರು, ಕಾರ್ಯದರ್ಶಿ. ಮಾಸ್ತರರದು ಮಾತು ಕಡಿಮೆ. ವಕೀಲರು ಅದನ್ನು ಸರಿದೂಗಿಸುತ್ತಿದ್ದರು. ಪಿಚ್ಚಿನ ಎರಡು ತುದಿಗೆ ಇವರಿಬ್ಬರು ನಿಂತರೆ, ಕಪ್ಪು ಎರಿ ನೆಲದ ಬಿರುಕಿನಲ್ಲಿ ಚೆಂಡು ಹೊಕ್ಕು ಕಾಣೆಯಾದಾಗಲೂ ಜಗಳವಾಗುತ್ತಿರಲಿಲ್ಲ.

ಇಷ್ಟರಲ್ಲಿ ಜಿಲ್ಲೆಯಲ್ಲಿ ಕ್ರಿಕೆಟ್ಟಿನ ಮಂಡಳಿಯೊಂದು ಹುಟ್ಟಿತು. ಹೆಸರು ಬೇಡ. ಅಧ್ಯಕ್ಷರು ದೊಡ್ಡ ಸಾಹುಕಾರರು, ಅವರ ಅಳಿಯ ಮಂಡಳಿಯ ತಂಡದ ಕ್ಯಾಪ್ಟನ್. ಮಂಡಳಿಯವರು ನಮಗೆ ಹೇಳಿಕಳಿಸಿದರು: ಸಂಘ ಮಂಡಳಿಯಲ್ಲಿ ಸೇರಿದರೆ ಬಿಳಿ ಕೋಟು, ಎದೆಗೆ ಬಿಲ್ಲೆ, ಬಿಜಾಪುರದ ದೊಡ್ಡ ಪಂದ್ಯಗಳು. ಆದರೆ ಯಾರು ಯಾವ ಪಂದ್ಯಕ್ಕೆ ಎಂಬ ನೇಮಣೂಕಿ ಮಂಡಳಿಯ ಕೈಯಲ್ಲಿ. ಸೇರದಿದ್ದರೆ ನಿಮ್ಮ ಇಷ್ಟ.

ಇದನ್ನು ಚರ್ಚಿಸಲು ಸಭೆ ಕರೆಯಬೇಕಾಯಿತು. ಎಲ್ಲಿ ಎಂಬುದೇ ಮೊದಲ ಚರ್ಚೆ. ನಾಲ್ಕು ಊರುಗಳಲ್ಲಿ ಎಲ್ಲಿ ಸೇರಿದರೂ ಯಾರಿಗಾದರೂ ಅದು ಸ್ವಂತ ಮೈದಾನವಾಗುತ್ತಿತ್ತು. ಕೊನೆಗೆ ಹೂವಿನ ಹಿಪ್ಪರಗಿಯ ಶಾಲೆ ಗೊತ್ತಾಯಿತು. ಅದು ಬಾಗೇವಾಡಿ ತಾಲೂಕಿನದು, ಹಾಗಾಗಿ ಮಾಸ್ತರರಿಗೆ ಅನುಕೂಲ ಎಂದು ವಕೀಲರು ಆಕ್ಷೇಪ ಎತ್ತಿದರು. ಮಾಸ್ತರರ ಬೀಗರು ಯಾರೂ ಅಲ್ಲಿಲ್ಲವೆಂದು ಖಾತ್ರಿಯಾದ ಮೇಲೆ ಆಕ್ಷೇಪ ಹಿಂದೆ ತೆಗೆದುಕೊಂಡರು.

ಒಂದು ರವಿವಾರ ಮುಂಜಾನೆ ಎರಡನೇ ಇಯತ್ತೆಯ ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು ನಾವು ನಮ್ಮ ಸ್ವಾತಂತ್ರ್ಯದ ಬಗ್ಗೆ ವಿಚಾರ ಮಾಡಿದೆವು. ವಕೀಲರು ಸೇರಬೇಕೆಂಬ ಪಕ್ಷದವರು. ಹೊರಗೆ ನಿಂತು ಕೂಗಿದರೆ ಯಾರೂ ಕೇಳುವುದಿಲ್ಲ, ಒಳಗೆ ಹೋಗಿ ನೇಮ ತಿದ್ದಬೇಕು, ಇಲ್ಲವಾದರೆ ನಾವು ಊರಾಚೆಯ ಕಲ್ಲುಮಡ್ಡಿಯ ಮೇಲೆ ಆಡುವವರಿಗೆ ಬೆರಳು ಎತ್ತುತ್ತಲೇ ಮುದುಕರಾಗುತ್ತೇವೆ ಎಂದು ಬಹಳ ಹೊತ್ತು ಹೇಳಿದರು. ಮಾಸ್ತರರು ಬೇಡವೆಂಬ ಪಕ್ಷ. ಅವರು ಎದ್ದು ಹೇಳಿದ್ದು ಇಷ್ಟು: "ಯಾವನ ವಿಕೆಟ್ ನಮ್ಮ ಕೈಯಾಗ ಐತಿ, ನಮ್ಮ ನೇಮಣೂಕಿ ಅವನ ಮಾವನ ಕೈಯಾಗ ಇರಬಾರದು." ಹೇಳಿ ಕೂತರು.

ನನಗೆ ಮಾಸ್ತರರ ಮಾತು ಸರಿ ಅನಿಸಿತು. ಕೋಟು ಇನ್ನೂ ಸರಿ ಅನಿಸಿತು. ನಾನು ಸೇರುವವರ ಕಡೆ ಕೈ ಎತ್ತಿದೆ.

ಎಣಿಸಿದರೆ ಎರಡೂ ಕಡೆ ಸಮ. ಮುದ್ದೇಬಿಹಾಳದ ಗುರಪ್ಪನವರು ಮಾತ್ರ ಯಾವ ಕಡೆಗೂ ಕೈ ಎತ್ತಿರಲಿಲ್ಲ. ಅವರು ಹತ್ತಿಯ ವ್ಯಾಪಾರಿ. ಹಿಂದಿನ ದಿನವೆಲ್ಲ ಗಾಡಿ ತುಂಬಿಸಿ ಬಂದು ಗೋಡೆಗೆ ಒರಗಿ ನಿದ್ದೆಹೋಗಿದ್ದರು. ವಕೀಲರು ಕೋರ್ಟಿನ ದನಿ ತೆಗೆದು ಇನ್ನೊಮ್ಮೆ ಕೇಳಿದರು, "ಸೇರಬೇಕನ್ನಾವ್ರು ಯಾರ್ರಿ?" ಆ ದನಿಗೆ ಗುರಪ್ಪನವರು ಬೆಚ್ಚಿ ಎದ್ದರು. ಅಪೀಲು ಆಯಿತೆಂದು ತಿಳಿದರೋ ಏನೋ, ಬಲಗೈಯ ತೋರುಬೆರಳು ನೆಟ್ಟಗೆ ಮೇಲೆತ್ತಿದರು.

ಕೋಣೆಯಲ್ಲಿ ಗದ್ದಲ ಎದ್ದಿತು. ನಿದ್ದೆಗಣ್ಣಿನ ಬೆರಳು ಮತವಾಗುತ್ತದೆಯೇ? ಕೈ ಎತ್ತಬೇಕಾದಲ್ಲಿ ಬೆರಳು ಎತ್ತಿದರೆ ಅದು ಸೇರುವುದಕ್ಕೋ, ಸಂಘ ಔಟ್ ಎಂಬುದಕ್ಕೋ? ಸಂಶಯವಿದ್ದರೆ ಬ್ಯಾಟ್ಸಮನ್ನನಿಗೆ ಲಾಭ ಸಲ್ಲಬೇಕು ಎಂದು ಯಾರೋ ಅಂದರು. ಇಲ್ಲಿ ಬ್ಯಾಟ್ಸಮನ್ ಯಾರು, ಸಂಘವೋ ಮಂಡಳಿಯೋ ಎಂದು ಇನ್ನೊಬ್ಬರು ಕೇಳಿದರು. ಊಟದ ಹೊತ್ತಾದರೂ ಬ್ಯಾಟ್ಸಮನ್ ಸಿಗಲಿಲ್ಲ. ಗುರಪ್ಪನವರನ್ನೇ ಕೇಳಿದರೆ ಅವರು, ಎತ್ತಿದ ಬೆರಳು ತಾವು ಎಂದೂ ಇಳಿಸಿದವರಲ್ಲ ಎಂದರು.

ತೀರ್ಪು ಅಧ್ಯಕ್ಷರದು. ಮಾಸ್ತರರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆ ಬೆರಳನ್ನು ಅವರು ತಳ್ಳಿಹಾಕಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ಅವರ ಪಕ್ಷವೂ ಉಳಿಯುತ್ತಿತ್ತು. "ಬೆರಳ ಎದ್ದದ್ದ ಖರೇ, ಎಲ್ಲಾರೂ ನೋಡೇವಿ. ಸಂಘ ಮಂಡಳಿಗೆ ಸೇರಿತು," ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಅವರ ಪಕ್ಕ ಕೂತಿದ್ದೆ. ನಿಮಗೆ ಬೇಸರವಾಯಿತೇನ್ರಿ ಎಂದು ಕೇಳಿದೆ. "ಆತು ತಮ್ಮಾ. ಆದರ ಇಷ್ಟ ವರ್ಷ ಬ್ಯಾಟ್ಸಮನ್ನರಿಗೆ ಗೊಣಗಬ್ಯಾಡ್ರಿ, ನಡೀರಿ ಅಂತ ಹೇಳೇನಿ. ಇವತ್ತ ನನ್ನ ಪಾಳಿ," ಎಂದು ಕಿಟಕಿಯ ಹೊರಗೆ ಜೋಳದ ಹೊಲ ನೋಡತೊಡಗಿದರು.

ಕೋಟುಗಳು ಬಂದವು. ಎಲ್ಲ ಒಂದೇ ಅಳತೆ. ಗುರಪ್ಪನವರಿಗೆ ಹೊಟ್ಟೆಯ ಮೇಲೆ ಗುಂಡಿ ಕೂಡುತ್ತಿರಲಿಲ್ಲ, ನನಗೆ ಮೊಣಕಾಲಿನ ಕೆಳಗೆ ಇಳಿಯುತ್ತಿತ್ತು. ಗಂಜಿ ಹಾಕಿಸಿ, ಇಸ್ತ್ರಿ ಮಾಡಿಸಿ, ಅದನ್ನು ತೊಟ್ಟು ಸಿಂದಗಿಯಲ್ಲಿ ಬಸ್ಸಿನಿಂದ ಇಳಿದರೆ ಒಬ್ಬ ಮುದುಕಿ ನನ್ನ ಮುಂದೆ ನಿಂತು ನಾಲಿಗೆ ಹೊರಗೆ ಚಾಚಿದಳು. ದವಾಖಾನೆಯ ಕಂಪೌಂಡರ್ ಎಂದು ತಿಳಿದಿದ್ದಳು. ಮೈದಾನಕ್ಕೆ ಹೊತ್ತಾಗಿತ್ತು. ನಾಲಿಗೆ ನೋಡಿ, ಏನೂ ಆಗಿಲ್ಲ ಅವ್ವಾ ಎಂದು ಹೇಳಿ ಮುಂದೆ ಹೋದೆ. ಆ ವರ್ಷ ನಾನು ಕೊಟ್ಟ ನಿರ್ಣಯಗಳಲ್ಲಿ ಯಾರೂ ತಕರಾರು ಎತ್ತದಿದ್ದುದು ಅದೊಂದೇ.

ಬಿಜಾಪುರದ ಮೊದಲ ದೊಡ್ಡ ಪಂದ್ಯಕ್ಕೆ ವಕೀಲರನ್ನೇ ಕರೆದರು. ಸೇರಬೇಕೆಂದು ವಾದಿಸಿದವರು ಅವರೇ ತಾನೆ. ಸಾಹುಕಾರರ ಅಳಿಯ ಬ್ಯಾಟಿಗೆ ಬಂದ. ಚೆಂಡು ಮ್ಯಾಟಿನ ಮೇಲೆ ಪುಟಿದು ನೇರವಾಗಿ ಅವನ ಕಾಲಿಗೆ ಬಡಿಯಿತು. ವಕೀಲರು ಬೆರಳು ಎತ್ತಿದರು. ಕಾಲಿನ ಹಿಂದೆ ಸ್ಟಂಪುಗಳು ಮೂರೂ ಇದ್ದವು, ಇನ್ನೇನು ಮಾಡಬೇಕಿತ್ತು ಎಂದು ಆಮೇಲೆ ನಮಗೆ ಹೇಳಿದರು. ಮಂಡಳಿ ಏನೂ ಅನ್ನಲಿಲ್ಲ. ಆ ಹಂಗಾಮು ಮುಗಿಯುವತನಕ ಅವರನ್ನು ಮತ್ತೆ ಕರೆಯಲೂ ಇಲ್ಲ.

ಎರಡನೆಯ ಸಭೆ ಹೊರ್ತಿಯಲ್ಲಿ ಆಯಿತು. ಈ ಸಲ ವಿಷಯ, ಮಂಡಳಿಯನ್ನು ಬಿಡಬೇಕೋ ಬೇಡವೋ. ಅಂಪೈರ್ ತನ್ನ ನಿರ್ಣಯ ಬದಲಿಸಬಹುದು, ಆದರೆ ತಡಮಾಡದೆ ಬದಲಿಸಬೇಕು ಎಂದು ಆಟದ ಕಾಯದೆಯಲ್ಲೇ ಇದೆ. ನಾವು ಸೇರಿ ಒಂದು ಹಂಗಾಮು ಕಳೆದಿತ್ತು. ಇದು ತಡವೋ ಅಲ್ಲವೋ? ವಕೀಲರು ಸಿಂದಗಿ ಕೋರ್ಟಿನ ಲೆಕ್ಕದಲ್ಲಿ ಇದು ಬಹಳ ಲಗು ಎಂದು ವಾದಿಸಿದರು. ಅವರ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. ತಾವೇ ತೆರೆಸಿದ ಬಾಗಿಲು ತಮಗೇ ಮುಚ್ಚಿದ್ದಕ್ಕೆ ಅವರಿಗೆ ನಾಚಿಕೆಯಾಗಿತ್ತು.

ಮಾಸ್ತರರು ಈಗಲಾದರೂ 'ನಾನು ಮೊದಲೇ ಹೇಳಿರಲಿಲ್ಲವೇ' ಎನ್ನುತ್ತಾರೆ ಎಂದು ಎಲ್ಲರೂ ಕಾದೆವು. ಅವರು ಅನ್ನಲಿಲ್ಲ. "ಮೈದಾನ ಬಿಟ್ಟ ಹೋಗೂದು ಬ್ಯಾಟ್ಸಮನ್ನನ ಕೆಲಸ್ರಿ. ಅಂಪೈರ್ ಸಂಜಿತನಕ ನಿಲ್ಲಬೇಕು," ಎಂದರು. ಮಂಡಳಿಯಲ್ಲೇ ಇರೋಣ, ಆದರೆ ವಕೀಲರನ್ನು ಕರೆಯುವತನಕ ನಾವ್ಯಾರೂ ಕೋಟು ತೊಡುವುದು ಬೇಡ ಎಂಬುದು ಅವರ ಸೂಚನೆ. ಈ ಸಲ ಎಣಿಸುವ ಕೆಲಸ ಬೀಳಲಿಲ್ಲ. ಗುರಪ್ಪನವರು ಎಚ್ಚರವಾಗಿದ್ದು ಅಂಗೈ ಪೂರ್ತಿ ಬಿಚ್ಚಿ ಎತ್ತಿದರು.

ಮಂಡಳಿಯ ಕರೆ ಬಂದಾಗಲೆಲ್ಲ ಒಬ್ಬರಿಗೆ ಬಿತ್ತಿಗೆ, ಇನ್ನೊಬ್ಬರಿಗೆ ಮನೆಯಲ್ಲಿ ಮುಂಜಿ, ನನಗೆ ಹಲ್ಲುನೋವು. ಕೊನೆಗೆ ಮಂಡಳಿಯ ಕಾರ್ಯದರ್ಶಿ ಸ್ವತಃ ಬಾಗೇವಾಡಿಗೆ ಬಂದು ಮಾಸ್ತರರ ಮನೆಯಲ್ಲಿ ಚಹಾ ಕುಡಿದು, ನಿಮಗೆ ಬೇಕಾದ್ದೇನು ಎಂದು ಕೇಳಿದರಂತೆ. ಮುಂದಿನ ಪಂದ್ಯಕ್ಕೆ ಒಂದು ತುದಿಗೆ ವಕೀಲರು, ಇನ್ನೊಂದಕ್ಕೆ ತಾವು ಎಂದು ಮಾಸ್ತರರು ಹೇಳಿದರಂತೆ. ಬೇರೆ ದಾರಿ ಇಲ್ಲದೆ ಕಾರ್ಯದರ್ಶಿ ಒಪ್ಪಿದರು.

ಆ ಪಂದ್ಯ ನಮ್ಮ ಇಂಡಿಯಲ್ಲೇ ನಡೆಯಿತು. ಮಂಡಳಿಯ ತಂಡಕ್ಕೆ ಎದುರು ನಮ್ಮ ಊರಿನ ತಂಡ, ಆದ್ದರಿಂದ ನಾನು ಬೇವಿನ ಗಿಡದ ಕೆಳಗೆ ಬರಿಯ ಪ್ರೇಕ್ಷಕ. ವಕೀಲರ ಕಥೆ ಎಲ್ಲರಿಗೂ ತಿಳಿದಿತ್ತು. ಅವರು ಮೈದಾನಕ್ಕೆ ಇಳಿದಾಗ ಜನ ಚಪ್ಪಾಳೆ ತಟ್ಟಿದರು. ಅಂಪೈರನಿಗೆ ಚಪ್ಪಾಳೆ ಬಿದ್ದದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಅಳಿಯ ಬ್ಯಾಟಿಗೆ ಬಂದ. ವಕೀಲರ ತುದಿಯಿಂದ ಬಂದ ಚೆಂಡು ಅವನ ಬ್ಯಾಟಿನ ಅಂಚಿಗೆ ತಾಗಿ ಕೀಪರನ ಕೈ ಸೇರಿತು. ಟಕ್ ಎಂಬ ಸಪ್ಪಳ ಬೇವಿನ ಗಿಡದ ತನಕ ಕೇಳಿಸಿತು. ಅಳಿಯ ತಾನೇ ಒಂದು ಹೆಜ್ಜೆ ಹೊರಟು ನಿಂತ. ಇಡೀ ತಂಡ ಕೂಗಿತು. ವಕೀಲರು ಬಹಳ ಹೊತ್ತು ಚೆಂಡು ಹೋದ ದಿಕ್ಕನ್ನೇ ನೋಡಿದರು. ಆಮೇಲೆ ತಲೆ ಅಲ್ಲಾಡಿಸಿದರು. ನಾಟ್ ಔಟ್.

ಮುಂಜಾನೆಯ ಚಪ್ಪಾಳೆಯನ್ನು ಜನ ಬಡ್ಡಿಸಹಿತ ತಿರುಗಿ ತೆಗೆದುಕೊಂಡರು. ಮಂಡಳಿ ಕೋಟಿಗೆ ಕಿಸೆ ದೊಡ್ಡವು ಎಂದು ಒಬ್ಬ ಕೂಗಿದ. ವಕೀಲ ರಾಜಿ ಆಗ್ಯಾನ ಎಂದು ಇನ್ನೊಬ್ಬ. ಅಳಿಯ ಚಹಾದ ಹೊತ್ತಿನವರೆಗೂ ಆಡಿದ, ನಮ್ಮ ಊರು ಸೋತಿತು. ವಕೀಲರು ಕೊನೆಯ ಚೆಂಡಿನ ತನಕ ನಿಂತರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರನ್ನೂ ಬೀಳ್ಕೊಡಲು ಹೋದೆ. ಕೋಟು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಸುತ್ತಲಿನ ಜನ ಇವರನ್ನು ಗುರುತಿಸಿ ಸ್ವಲ್ಪ ದೂರವೇ ನಿಂತಿದ್ದರು. ವಕೀಲರು ಕೇಳಿದರು.

"ಮಾಸ್ತರ, ಖರೇ ಹೇಳ್ರಿ. ಬ್ಯಾಟಿಗೆ ಬಡದಿತ್ತೇನು?"

"ನನಗ ಕೇಳಿಸ್ತು," ಎಂದರು ಮಾಸ್ತರರು.

"ನನಗ ಕೇಳಸಲಿಲ್ಲ."

"ಗೊತ್ತೈತ್ರಿ. ಕೇಳಿಸಿದ್ರ ನೀವು ಕೊಡತಿದ್ರಿ."

ವಕೀಲರು ಕೆಳಗೆ ನೋಡುತ್ತ ಹೇಳಿದರು, "ಔಟ್ ಕೊಟ್ಟಬಿಟ್ರ ಮಂದಿ ನನ್ನನ್ನ ಹೆಗಲ ಮ್ಯಾಲ ಹೊತಗೊಂಡ ಹೋಗ್ತಾರ ಅಂತ ಅನಿಸಿತ್ತು. ಕೊಡದಿದ್ರ ಏನಂತಾರ ಅಂತನೂ ಗೊತ್ತಿತ್ತು. ಆದರ ಕೇಳಸಲಿಲ್ಲಲ್ರಿ. ಏನ ಮಾಡ್ಲಿ?"

ಮಾಸ್ತರರು ಅವರ ಕೈಯ ಮೇಲೆ ಕೈಯಿಟ್ಟರು. ನನಗೆ ನೆನಪಿರುವ ಮಟ್ಟಿಗೆ ಅವರು ಯಾರನ್ನೂ ಹಾಗೆ ಮುಟ್ಟಿದವರಲ್ಲ. "ಇನ್ನ ಸಂಘ ಯಾರ ಕೂಡ ಬೇಕಾದ್ರ ಸೇರ್ಲಿ, ವಕೀಲರ. ನನಗ ಚಿಂತಿಲ್ಲ," ಎಂದರು. ಅಷ್ಟರಲ್ಲಿ ಸಿಂದಗಿಯ ಬಸ್ಸು ಬಂತು.

ಸಂಘ ಮಂಡಳಿಯಲ್ಲೇ ಉಳಿಯಿತು, ನಿಧಾನವಾಗಿ ಅದರಲ್ಲಿ ಕರಗಿಯೂ ಹೋಯಿತು. ವಕೀಲರ ಮೇಲಿನ ಅಪವಾದ ಅವರು ಬದುಕಿರುವತನಕ ಇಂಡಿಯಲ್ಲಿ ಹೋಗಲಿಲ್ಲ. ಅವರೂ ಅದನ್ನು ತೊಳೆಯಲು ಹೋಗಲಿಲ್ಲ. ಮುಂದೆ ಎಷ್ಟೋ ವರ್ಷ ಇಬ್ಬರೂ ಕೂಡಿಯೇ ಪಂದ್ಯಗಳಿಗೆ ನಿಂತರು. ಈಗ ಇಬ್ಬರೂ ಇಲ್ಲ.

ನಿನ್ನೆ ಪಕ್ಕದ ಮನೆಯ ಸಂಗಣ್ಣನವರು ಟೀವಿಯಲ್ಲಿ ಪಂದ್ಯ ನೋಡಲು ಕರೆದರು. ಯಾವುದೋ ದೂರದ ದೇಶದ ಮೈದಾನ. ನಮ್ಮ ಬೌಲರನ ಚೆಂಡು ಅಂಚಿಗೆ ತಾಗಿದ್ದು ಕೋಣೆಯಲ್ಲಿದ್ದ ನಮಗೆಲ್ಲ ಕೇಳಿಸಿತು. ಅಲ್ಲಿಯ ಅಂಪೈರ್ ತಲೆ ಅಲ್ಲಾಡಿಸಿದ. "ರೊಕ್ಕ ತಿಂದಾನ್ರೀ ಅಂವಾ," ಎಂದರು ಸಂಗಣ್ಣನವರು. ಎಲ್ಲರೂ ಹೌದೆಂದರು. ಇಂಥ ಹೊತ್ತಿಗೆ ನಾನೂ ಹೂಂಗುಟ್ಟುವವನೇ, ಚಹಾ ಅವರ ಮನೆಯದು. ನಿನ್ನೆ ಮಾತ್ರ ಬಾಯಿ ತಾನಾಗಿ ತೆರೆಯಿತು.

"ಅವಗ ಕೇಳಿಸಿರಾಕಿಲ್ರಿ," ಎಂದೆ.

ಸಂಗಣ್ಣನವರು ನನ್ನ ಕಡೆ ತಿರುಗಿ, ಅಂಪೈರ್ ನಿಮ್ಮ ಪೈಕಿ ಏನ್ರಿ ಎಂದು ಕೇಳಿದರು. ಹೌದು, ನಮ್ಮ ಪೈಕಿ ಎಂದೆ.