ಪರೀಕ್ಷೆಯಿಲ್ಲದ ವರ್ಷ

ಭಾನುವಾರ ಮಧ್ಯಾಹ್ನವಾದರೆ ಲೆಟರ್‌ಕೆನ್ನಿಯ ನಮ್ಮ ಮನೆಯ ಹೀಟರಿನ ಮೇಲೆ ಮಗಳ ಶಾಲೆಯ ಕಡುಹಸಿರು ಸ್ವೆಟರ್ ಒಣಗುತ್ತಿರುತ್ತದೆ. ಐರ್ಲೆಂಡಿನ ಬಿಸಿಲನ್ನು ನಂಬಿ ಬಟ್ಟೆಯನ್ನು ಹೊರಗೆ ಹರವುವಷ್ಟು ಆಸ್ತಿಕಳು ನಾನಲ್ಲ. ಆ ಸ್ವೆಟರಿನ ಎದೆಯ ಮೇಲೆ ಐರಿಷ್ ಭಾಷೆಯ ಎರಡು ಪದಗಳಿವೆ. ಅವುಗಳ ಅರ್ಥವನ್ನು ಮಗಳು ನಾಲ್ಕು ಸಲ ಹೇಳಿದ್ದಾಳೆ, ನಾನು ನಾಲ್ಕು ಸಲವೂ ಮರೆತಿದ್ದೇನೆ.

ಗುಡ್ಡದ ಮೇಲಿರುವ ಅವಳ ಶಾಲೆಯ ಕಲ್ಲುಕಟ್ಟಡವನ್ನು ಹಿಂದೆ ಕ್ರೈಸ್ತ ಸನ್ಯಾಸಿನಿಯರು ಕಟ್ಟಿಸಿದ್ದು ಬಡವರ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲೆಂದು. ಈಗ ಅವರಾರೂ ಉಳಿದಿಲ್ಲ; ಅವರ ಸಮಾಧಿಗಳು ಆಟದ ಬಯಲಿನ ಅಂಚಿನಲ್ಲಿ ಸಾಲಾಗಿವೆ. ಚೆಂಡು ಅತ್ತ ಉರುಳಿದರೆ ಮಕ್ಕಳು ಓಡುವುದನ್ನು ಬಿಟ್ಟು ಮೆಲ್ಲನೆ ನಡೆದುಹೋಗಿ ತರುತ್ತಾರೆ, ಯಾರೂ ಹೇಳಿಕೊಟ್ಟ ನಿಯಮವಲ್ಲವಂತೆ. ಇಂದು ಗಂಡುಮಕ್ಕಳೂ ಸೇರಿದ್ದಾರೆ; ಪೋಲೆಂಡಿನ, ನೈಜೀರಿಯಾದ, ನಮ್ಮ ದಾವಣಗೆರೆಯ ಹೆಸರುಗಳನ್ನು ಕೂಗುವಾಗ ಶಿಕ್ಷಕರ ನಾಲಿಗೆ ತೊಡರಿದರೂ ಅವರು ಹೆಸರನ್ನು ಮೊಟಕು ಮಾಡುವುದಿಲ್ಲ. ಇಂಥ ಶಾಲೆಯನ್ನು ಮೆಚ್ಚದಿರುವುದು ಹೇಗೆ, ನೀವೇ ಹೇಳಿ.

ಮೆಚ್ಚಿದರೂ ಒಂದು ವಿಷಯ ಮಾತ್ರ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಇಲ್ಲಿನ ಹೈಸ್ಕೂಲಿನಲ್ಲಿ ಮೊದಲ ಮೂರು ವರ್ಷ ಕಲಿತು ಒಂದು ಪರೀಕ್ಷೆ, ಕೊನೆಯ ಎರಡು ವರ್ಷ ಕಲಿತು ದೊಡ್ಡ ಪರೀಕ್ಷೆ; ನಡುವೆ, ಬೇಕೆಂದವರಿಗೆ, ಟ್ರಾನ್ಸಿಶನ್ ಇಯರ್ ಎಂಬ ಪರೀಕ್ಷೆಯೇ ಇಲ್ಲದ ಒಂದಿಡೀ ವರ್ಷ. ಬೆಟ್ಟ ಹತ್ತುವುದು, ನಾಟಕ ಕಟ್ಟುವುದು, ವೃದ್ಧಾಶ್ರಮದಲ್ಲಿ ಅಜ್ಜಿಯರಿಗೆ ಚಹಾ ಕೊಡುವುದು. ಪಿಯುಸಿಯ ಎರಡು ವರ್ಷ ಗಡಿಯಾರವನ್ನೇ ದೇವರೆಂದುಕೊಂಡು ಓದಿ ಡಾಕ್ಟರಾದ ನನಗೆ ಇದು ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ಕೆಲಸವಾಗಿ ಕಂಡಿತು. ಹದಿನೈದರ ಮಗಳು ಅನ್ವಿತಾ ಮಾತ್ರ ಆ ವರ್ಷಕ್ಕಾಗಿ ಹಂಬಲಿಸುತ್ತಿದ್ದಳು.

ಶಾಲೆಯಿಂದ ಫಾರ್ಮ್ ಬಂತು: ಆ ವರ್ಷ ಬೇಕೋ, ನೇರ ಮುಂದಿನ ತರಗತಿಗೋ? ಕೆಳಗೆ ಪೋಷಕರ ಸಹಿ, ವಿದ್ಯಾರ್ಥಿಯ ಸಹಿ. ಮಕ್ಕಳ ಅರ್ಜಿಗಳನ್ನೆಲ್ಲ ಹೆತ್ತವರೇ ತುಂಬುವ ನಾಡಿನಲ್ಲಿ ಬೆಳೆದ ನಾನು ‘ನೇರ ಮುಂದಕ್ಕೆ’ ಎಂದು ಗುರುತು ಹಾಕಿ, ಎರಡೂ ಸಹಿಗಳನ್ನು ನಾನೇ ಗೀಚಿ ಕಳಿಸಿಬಿಟ್ಟೆ. ಮೋಸವೆಂದು ಅನಿಸಲೇ ಇಲ್ಲ. ತಾಯಿಯ ಕೆಲಸವೆಂದೇ ಅನಿಸಿತ್ತು.

ಎರಡು ದಿನದಲ್ಲಿ ಅವಳ ತರಗತಿಯ ಹೊಣೆ ಹೊತ್ತ ಶಿಕ್ಷಕಿ ನನ್ನನ್ನು ಕರೆಸಿದರು. ಬೈಯಲಿಲ್ಲ. ಫಾರ್ಮನ್ನು ನನ್ನ ಮುಂದಿಟ್ಟು, ಒಂದೇ ಕೈಬರಹದ ಎರಡು ಸಹಿಗಳನ್ನು ತೋರಿಸಿ, “ಅರಿವಳಿಕೆ ಕೊಡುವ ಡಾಕ್ಟರ್ ಅಲ್ಲವೇ ನೀವು? ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ರೋಗಿಯ ಬದಲು ಮನೆಯವರು ಸಹಿ ಹಾಕಿದರೆ ಏನು ಮಾಡುತ್ತೀರಿ?” ಎಂದು ಕೇಳಿದರು.

ಹರಿದುಹಾಕಿ ಹೊಸದು ಕೊಡುತ್ತೇನೆ, ಎಂದೆ. ಅವರು ಡ್ರಾಯರಿನಿಂದ ಹೊಸ ಫಾರ್ಮ್ ತೆಗೆದುಕೊಟ್ಟರು. ನನಗೆ ನಾಚಿಕೆಯಾಯಿತು. ಮಗುವಿನ ಸಹಿಗೂ ಇಷ್ಟು ಬೆಲೆ ಕೊಡುವ ಆ ಶಾಲೆಯ ಮೇಲೆ, ನಾಚಿಕೆಯ ನಡುವೆಯೂ, ಅಭಿಮಾನ ಉಕ್ಕಿತು.

ಸಂಜೆ ಅನ್ವಿತಾಳಿಗೆ ಎಲ್ಲ ಹೇಳಿದೆ. ನನ್ನ ಕನ್ನಡಕ್ಕೆ ಸದಾ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, “ನನ್ ಸೈನ್ ನೀನ್ ಹಾಕಿದ್ಯಾ, ಅಮ್ಮ?” ಎಂದು ಕನ್ನಡದಲ್ಲೇ ಕೇಳಿದಳು. ಆ ಪ್ರಶ್ನೆ ನಾಟಿತು. ತಪ್ಪಾಯಿತು ಎಂದೆ. ಆಮೇಲೆ, ರೋಗಿಯ ಮಂಚದ ಪಕ್ಕ ಕೂರುವಂತೆಯೇ ಅವಳ ಪಕ್ಕ ಕೂತು, ಎರಡೂ ದಾರಿಗಳ ಲಾಭವನ್ನೂ ಅಪಾಯವನ್ನೂ ಯಾವ ಕಡೆಗೂ ವಾಲದೆ ವಿವರಿಸಿ, ಅಭ್ಯಾಸಬಲದಿಂದ ಕೇಳಿದೆ: “ಏನಾದ್ರೂ ಕೇಳೋದಿದ್ಯಾ?”

“ಒನ್ ಥಿಂಗ್,” ಎಂದಳು. “ಡಾಕ್ಟರ್ ಆಗೋಕೆ ನಿಂಗೆ ಇಷ್ಟ ಇತ್ತಾ?”

ಇಪ್ಪತ್ತು ವರ್ಷಗಳಿಂದ ಸಾವಿರಾರು ಜನರ ಒಪ್ಪಿಗೆ ಕೇಳಿದ್ದೇನೆ. ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

“ಗೊತ್ತಿಲ್ಲ ಕಣೆ,” ಎಂದೆ. “ಯೋಚ್ನೆ ಮಾಡೋಕೆ ಟೈಮೇ ಇರ್ಲಿಲ್ಲ.”

ಅನ್ವಿತಾ ಪೆನ್ನು ತೆಗೆದುಕೊಂಡು, ಆ ವರ್ಷ ಬೇಕು ಎಂಬುದಕ್ಕೆ ಗುರುತು ಹಾಕಿ, ತನ್ನ ಹೆಸರನ್ನು ನಿಧಾನವಾಗಿ ಪೂರ್ತಿ ಬರೆದಳು. ನಾನು ಅದರ ಮೇಲಿನ ಸಾಲಿನಲ್ಲಿ ನನ್ನದೊಂದೇ ಸಹಿ ಹಾಕಿದೆ.