ಕೆರೆಯ ನಾಲ್ಕನೇ ಬಂಡೆ

ಸಮುದ್ರದಡಿಯ ಹವಳದ ದಿಬ್ಬಗಳನ್ನು ಆಕಾಶದಿಂದ ಎಣಿಸುವುದು ನನ್ನ ಕೆಲಸ. ಉಪಗ್ರಹದ್ದೋ ಡ್ರೋನಿನದೋ ಚಿತ್ರ ಕೊಟ್ಟರೆ ಮರಳು, ಬಂಡೆ, ಹವಳ ಎಂದು ವಿಂಗಡಿಸಿ ಬಣ್ಣ ಹಚ್ಚುವ ಮಾದರಿಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿದ್ದೆ. ಕಡಲಿಂದ ದೂರದ ತಳಿ ಎಂಬ ಊರಿನ ಕಡೆಯವನಾದ ನಾನು ಆಗಿನ್ನೂ ಸಮುದ್ರಕ್ಕೆ ಕಾಲಿಟ್ಟಿರಲಿಲ್ಲ. ಕಲಕು ನೀರಿನಲ್ಲೂ ಮಾದರಿ ಸರಿಯಾಗಿ ಎಣಿಸಿದರೆ ಮಾತ್ರ ಹವಳದ ಸಮೀಕ್ಷೆಗೆ ಹೋಗುವ ದೋಣಿಯಲ್ಲಿ ಜಾಗ ಎಂದು ನನ್ನ ಸಂಶೋಧನೆಗೆ ಮಾರ್ಗದರ್ಶಕರಾದ ಮೇಡಂ ಹೇಳಿಬಿಟ್ಟಿದ್ದರು.

ಕಲಕು ನೀರಿಗೇನು ಬರ? ಜವಳಗಿರಿ ಕಾಡಿಗೆ ಅಂಟಿಕೊಂಡಂತೆ ನಮ್ಮೂರ ಕೆರೆಯಿದೆ. ಅದರೊಳಗೆ ಮೂರು ಬಂಡೆ. ನಾವೆಲ್ಲ ಈಜು ಕಲಿತದ್ದೇ ಅವುಗಳ ನಡುವೆ. ಬೆಳಿಗ್ಗೆ ಡ್ರೋನ್ ಹಾರಿಸಿ, ಏರಿಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಮಾದರಿ ನಾಲ್ಕು ಬಂಡೆ ತೋರಿಸಿತು. ದೋಣಿ ಕೈತಪ್ಪಿತು ಎಂದುಕೊಂಡೆ.

ಪಕ್ಕದ ತೋಟದಲ್ಲಿ ಬೀನ್ಸ್ ಕೀಳುತ್ತಿದ್ದ ಅತ್ತೆಯನ್ನು ಕೂಗಿ ಕೇಳಿದೆ.

"ಮೂರೇ ಕಣ್ಲಾ. ಬಂಡೆ ಏನ್ ಮರಿ ಹಾಕ್ತದಾ? ಇಷ್ಟು ಓದಿ ಮೂರು ಎಣ್ಸಕ್ ಬರಲ್ವಾ?"

"ನಾನಲ್ಲತ್ತೆ, ಎಣಿಸ್ತಿರೋದು ಇದು."

"ಹಂಗಾದ್ರೆ ಅದನ್ನ ಒಂದ್ನೇ ಕ್ಲಾಸಿಗೆ ಸೇರ್ಸು."

ತಪ್ಪನ್ನು ಗುರುತು ಹಾಕಿಕೊಳ್ಳೋಣವೆಂದು ಅಳತೆಯ ಟೇಪು ಹಿಡಿದು ನೀರಿಗಿಳಿದೆ. ಮೂರು ಬಂಡೆಯೂ ಇದ್ದಲ್ಲೇ ಇದ್ದವು. ನಾಲ್ಕನೆಯದು ಜೊಂಡಿನ ಆಚೆ ಇರಬೇಕಿತ್ತು.

ಇತ್ತು. ಬೂದು ಬಣ್ಣ, ಮೇಲೆ ಅಲ್ಲಲ್ಲಿ ಕೂದಲು. ನಾನು ಟೇಪಿನ ತುದಿ ಚಾಚಿದೆ. ಬಂಡೆ ಉಸಿರು ಬಿಟ್ಟಿತು.

ಒಂಟಿ ಸಲಗ ಎದ್ದು ನಿಂತಿತು. ಅದರ ಮೈಯಿಂದ ನೀರು ಸುರಿದ ಸದ್ದು, ಬಚ್ಚಲಲ್ಲಿ ಬಕೆಟ್ ಬೋರಲಾದಾಗ ಈಗಲೂ ಕೇಳಿಸುತ್ತದೆ. ಆಗ ಬಾಗಿಲು ಹಿಡಿದುಕೊಳ್ಳುತ್ತೇನೆ.

"ಅಲ್ಲಾಡ್ಬೇಡ ಲಾ! ಹಂಗೇ ಮುಳುಗ್ಕೋ!" ಏರಿಯಿಂದ ಅತ್ತೆಯ ದನಿ.

ಮೂಗಷ್ಟೇ ಹೊರಗಿಟ್ಟು ನಾನು ಐದನೇ ಬಂಡೆಯಾದೆ. ಸಲಗ ಟೇಪನ್ನು ಮೂಸಿತು, ಸೊಂಡಿಲಿಗೆ ಸುತ್ತಿಕೊಂಡು ಎಳೆಯಿತು. ನಾನು ಬಿಟ್ಟುಕೊಟ್ಟೆ. ಅದು ಆಚೆ ದಡ ಹತ್ತಿ, ಟೇಪನ್ನು ಉದ್ದಕ್ಕೂ ಎಳೆದುಕೊಂಡು ಕಾಡು ಸೇರಿತು.

ಅತ್ತೆ ನನ್ನನ್ನು ದಡಕ್ಕೆಳೆದು ಸೆರಗಿನಿಂದ ತಲೆ ಒರೆಸಿದರು. "ಅಳೀಬೇಕು ಅಂತಿದ್ಯಲ್ಲ, ಅದೇ ಅಳ್ಕೊಂಡು ಹೋಗ್ಬುಡ್ತು" ಎಂದರು.

ಚಿತ್ರ ನೋಡಿದ ಮೇಡಂ, ನೀರಲ್ಲಿ ಇದ್ದದ್ದು ನಾಲ್ಕೇ, ಆನೆಯನ್ನು ಬಂಡೆ ಎಂದರೂ ಮಾದರಿ ಸರಿಯಾಗಿಯೇ ಎಣಿಸಿದೆ, ಎಡವಿದ್ದು ನೀನು ಎಂದು ದೋಣಿಯಲ್ಲಿ ಜಾಗ ಕೊಟ್ಟರು. ಸಮುದ್ರದಲ್ಲಿ ಪ್ರತಿ ದಿಬ್ಬದ ಬಳಿಯೂ ಮೊದಲು ಅಂಗೈಯಿಂದ ನೀರು ಬಡಿದು, ಅದು ಉಸಿರಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮುಳುಗಿದೆ. ಇದೇನೆಂದು ದೋಣಿಯವರು ಕೇಳಿದರು. ನಮ್ಮೂರ ಪದ್ಧತಿ ಎಂದೆ.