ಬೀಗ ಹಾಕಿದ ಬಂದರು

ಮಾಕಳಿಯ ನಮ್ಮ ಮನೆಗೆ ಆಗಿನ್ನೂ ಒಂದೇ ಅಂತಸ್ತು. ಮೇಲೆ ಬಯಲು ತಾರಸಿ, ಅದರ ಕಂಬಗಳ ತಲೆಯಲ್ಲಿ ಮುಂದೆಂದೋ ಕಟ್ಟಲಿರುವ ಮಹಡಿಗೆಂದು ಬಿಟ್ಟ ತುಕ್ಕು ಹಿಡಿದ ಕಂಬಿಗಳು. ರಾಗಿ ಹೊಲ ಕಾರ್ಖಾನೆ ಶೆಡ್ಡುಗಳಾದ ಮೇಲೆ ಅಪ್ಪ ಮನೆಯ ಮಗ್ಗುಲಲ್ಲಿ ಆರು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಮೂರನೆಯದಕ್ಕೆ ಗದಗದ ಕಡೆಯವರು ಬಂದರು. ಅವರ ಮಗಳು ರೇಣುಕಾ ನನ್ನ ಹಾಗೇ ಏಳನೇ ಕ್ಲಾಸು ಮುಗಿಸಿದ್ದಳು.

ಆ ಬೇಸಿಗೆ ರಜೆಯಲ್ಲಿ ಮಾವ ನಮಗೊಂದು ಹಳೇ ಕಂಪ್ಯೂಟರ್ ತಂದುಕೊಟ್ಟ. ಅದರಲ್ಲಿ ಊರು ಕಟ್ಟುವ ಆಟವೊಂದಿತ್ತು. ಹೊಲ ಉಳಬೇಕು, ಕಣಜ ತುಂಬಬೇಕು, ಕೋಟೆ ಎತ್ತರಿಸಿ ಶತ್ರುಗಳನ್ನು ತಡೆಯಬೇಕು. ಕಂಪ್ಯೂಟರ್ ನನ್ನದಾದ್ದರಿಂದ ಮೌಸ್ ನನ್ನ ಕೈಯಲ್ಲಿ. ಬುದ್ಧಿ ಮಾತ್ರ ರೇಣುಕಾಳದು. ರೊಟ್ಟಿಯಲ್ಲಿ ಶೇಂಗಾ ಚಟ್ನಿ ಸುತ್ತಿಕೊಂಡು ಬಂದು ಪಕ್ಕದ ಸ್ಟೂಲಿನ ಮೇಲೆ ಕೂರುವಳು. ಹಳೇ ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಹೊಲಿದು ಮಾಡಿದ ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಏನೇನು ಮಾಡಬೇಕೆಂದು ಬರೆದು ತರುವಳು. ಕರೆಂಟು ಯಾವಾಗ ಬೇಕಾದರೂ ಹೋಗುತ್ತಿದ್ದ ಕಾಲ, ಹತ್ತು ನಿಮಿಷಕ್ಕೊಮ್ಮೆ "ಸೇವ್ ಮಾಡ ಪವಿ" ಎಂದು ನನ್ನ ಮೊಣಕೈ ತಿವಿಯುವಳು. ಅವಳ ಬೆರಳಿನ ಚಟ್ನಿ ಪುಡಿ ಕೀಬೋರ್ಡಿನ ಸಂದಿಯಲ್ಲೆಲ್ಲ ಸೇರಿತ್ತು. ನಮ್ಮ ಊರು ನಿಜಕ್ಕೂ ಚೆನ್ನಾಗಿತ್ತು.

ಆದರೆ ಆಟದ ಮೊದಲ ಪರದೆಯಲ್ಲೇ ಒಂದು ಬಂದರಿನ ಚಿತ್ರವಿತ್ತು. ಹಡಗುಗಳು, ದೀಪಸ್ತಂಭ, ಅದರ ಮೇಲೊಂದು ಬೀಗದ ಗುರುತು. ಬೇರೆ ದುಡ್ಡು ಕೊಟ್ಟರೆ ಮಾತ್ರ ತೆರೆಯುತ್ತದೆ ಎಂದ ಮಾವ. ಆ ಬೀಗ ನನ್ನ ತಲೆ ತಿನ್ನತೊಡಗಿತು.

ಅಪ್ಪನನ್ನು ಕೇಳಿದೆ. ಅಪ್ಪ ನಕ್ಕುಬಿಟ್ಟ.

"ಆಟ ಕೊಟ್ಟಾಯ್ತು, ಈಗ ಅದ್ರೊಳಗಿನ ಕೆರೆಗೆ ಬೇರೆ ದುಡ್ಡಾ? ಮನೆ ಬಾಡ್ಗೆಗ್ ಕೊಟ್ಟೋನು ಮೆಟ್ಲಿಗೆ ಬೇರೆ ಕಾಸ್ ಕೇಳ್ದಂಗಾಯ್ತಲ್ಲವ್ವಾ! ಅಂಗೆಲ್ಲಾ ಯಾರಾನಾ ಕೊಡ್ತಾರಾ?"

ಈ ಮಾತನ್ನು ನಾನು ರೇಣುಕಾಳಿಗೆ ತಮಾಷೆಯೆಂದು ಹೇಳಿದೆ. ಅವಳು ನಗಲಿಲ್ಲ.

"ಮತ್ತ ನಿಮ್ಮಪ್ಪಾರು ಮಾಳಿಗಿ ಮ್ಯಾಲ ಹೋಗಾಕ ನಮಗ ಬ್ಯಾರೆ ರೊಕ್ಕ ಕೇಳ್ಯಾರಲ್ಲ? ಅವ್ವ ಈಗ ಮೆಣಸಿನಕಾಯಿ ದಾರ್ಯಾಗ ಒಣಗಸಾಕತ್ತಾಳ."

ನಿಜವೇ. ಟ್ಯಾಂಕಿನ ಪೈಪು ಯಾರೋ ತುಳಿದು ಮುರಿದರೆಂದು ಅಪ್ಪ ಆ ತಿಂಗಳಷ್ಟೇ ತಾರಸಿ ಮೆಟ್ಟಿಲಿನ ಗೇಟಿಗೆ ಬೀಗ ಜಡಿದಿದ್ದ. ಕೀಲಿ ಬೇಕಾದವರು ಬಾಡಿಗೆಯ ಮೇಲೆ ಇಷ್ಟೆಂದು ಕೊಡಬೇಕು. ಅಲ್ಲಿಯವರೆಗೆ ಎಲ್ಲರ ಸಂಡಿಗೆ, ಮೆಣಸಿನಕಾಯಿ ಒಟ್ಟಿಗೆ ಒಣಗುತ್ತಿದ್ದ ತಾರಸಿ ಅದು. ಅರ್ಧ ಒಣಗಿದ ಸಂಡಿಗೆ ಕದ್ದು ತಿನ್ನಲು ನಾವಿಬ್ಬರೂ ಸೇರಿಯೇ ಹೋಗುತ್ತಿದ್ದೆವು. ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಸಿಟ್ಟು.

"ನಂಗ್ಯಾಕ್ ಹೇಳ್ತೀಯಾ? ಹೋಗಿ ನಮ್ಮಪ್ಪನ್ನೇ ಕೇಳು. ನಾನಂತೂ ಬಂದರು ತಗೊಂಡೇ ತಗೋತೀನಿ" ಅಂದೆ.

ಅವಳು ಸಮಾಧಾನದಿಂದಲೇ ಹೇಳಿದಳು: "ಕ್ವಾಟಿ ಹಿಂದಿನ ಅಡವೀನ ಇನ್ನಾ ನೋಡಿಲ್ಲ ನಾವು. ಹಡಗ ಹತ್ತಿ ಎಲ್ಲಿಗೆ ಹೊಂಟೀದಿ?"

ಮರುದಿನವೇ ಮಾವನನ್ನು ಕಾಡಿ ಬೇಡಿ ಅವನ ಕಾರ್ಡಿನಿಂದ ಬಂದರು ಕೊಂಡೆ. ಹಾಕುವಾಗ ಆಟ ಒಂದು ಪ್ರಶ್ನೆ ಕೇಳಿತು: ಹಳೆಯ ಊರು ಹೊಸದರಲ್ಲಿ ನಡೆಯುವುದಿಲ್ಲ, ತೆಗೆದುಹಾಕಿ ಮುಂದುವರಿಯಲೇ? ಇಂಗ್ಲಿಷಿನಲ್ಲಿತ್ತು, ಪೂರ್ತಿ ಓದಲಿಲ್ಲ. ಓದಿದ್ದರೂ ನಂಬುತ್ತಿರಲಿಲ್ಲವೇನೋ. ಇದ್ದುದಕ್ಕೆ ಹೆಚ್ಚುವರಿ ಸೇರಿಸುವುದು ಅಂದರೆ ನನಗೆ ಗೊತ್ತಿದ್ದುದು ನಮ್ಮ ತಾರಸಿಯ ಕಂಬಿಗಳಷ್ಟೇ. ಕೆಳಗಿನ ಮನೆ ಹಾಗೇ ಇರುತ್ತದೆ, ಅದರ ಮೇಲೆ ಇನ್ನೊಂದು ಏಳುತ್ತದೆ. ಹೌದು ಎಂದು ಒತ್ತಿದೆ.

ಸಮುದ್ರ ಬಂತು. ದೀಪಸ್ತಂಭ ಬಂತು. ನಮ್ಮ ಊರು ಎಲ್ಲೂ ಇರಲಿಲ್ಲ.

ರೇಣುಕಾ ಎಂದಿನಂತೆ ನೋಟ್‌ಬುಕ್ ಹಿಡಿದು ಬಂದಳು. ಸ್ಟೂಲಿನ ಮೇಲೆ ಕೂತು ತುಸು ಹೊತ್ತು ಪರದೆ ನೋಡಿದಳು.

"ನಮ್ಮೂರು?"

"ಹೋಯ್ತು ಕಣೇ. ಬೇರೆ ಕಟ್ಟೋಣ, ಇದ್ರಲ್ಲಿ ಹಡಗೆಲ್ಲಾ ಇದೆ."

"ಛಲೋ ಐತಿ" ಎಂದಳು, ಮನೆಗೆ ಬಂದ ನೆಂಟರು ಕಾಫಿ ಕುಡಿದು ಹೇಳುವಂತೆ. ಆಮೇಲೆ ಅವ್ವ ಕರೆಯುತ್ತಿದ್ದಾಳೆಂದು ಎದ್ದು ಹೋದಳು. ಯಾರೂ ಕರೆದಿರಲಿಲ್ಲ. ನೋಟ್‌ಬುಕ್ ಮೇಜಿನ ಮೇಲೇ ಉಳಿಯಿತು.

ಮರುದಿನ ಅವಳು ಬರಲಿಲ್ಲ. ಮೂರನೇ ರೂಮು ನಮ್ಮ ಬಾಗಿಲಿಗೆ ಹತ್ತು ಹೆಜ್ಜೆ. ಹೋಗಿ ತಪ್ಪಾಯಿತು ಅನ್ನಬಹುದಿತ್ತು. ನಾನು ಓನರ್ ಮಗಳು, ಅವಳೇ ಬರಲಿ ಎಂದು ಕೂತೆ. ಒಬ್ಬಳೇ ಹಡಗು ಬಿಟ್ಟೆ, ನಾಲ್ಕೇ ದಿನಕ್ಕೆ ಬೇಜಾರಾಯಿತು. ಶಾಲೆ ಶುರುವಾಗುವ ಮುಂಚೆ ಅವಳಪ್ಪ ತಾನು ದುಡಿಯುವ ಫ್ಯಾಕ್ಟರಿಗೆ ಹತ್ತಿರವೆಂದು ಪೀಣ್ಯದಲ್ಲೇ ರೂಮು ಹಿಡಿದ. ಲಗೇಜ್ ಆಟೋದಲ್ಲಿ ಪಾತ್ರೆಗಳ ನಡುವೆ ಕೂತ ರೇಣುಕಾ ಕೈ ಬೀಸಿದಳು. ನಾನೂ ಬೀಸಿದೆ. ಅಷ್ಟೇ.

ಈಗ ಕೆಲಸಕ್ಕೆ ದಿನವೂ ಮೆಟ್ರೋದಲ್ಲಿ ಪೀಣ್ಯ ದಾಟುತ್ತೇನೆ. ಆಟಗಳ ಹುಚ್ಚು ಬಿಟ್ಟಿಲ್ಲ, ಕೈಯಲ್ಲಿ ಸಂಬಳವಿದೆ, ಯಾವ ಬೀಗ ಕಂಡರೂ ದುಡ್ಡು ಕೊಟ್ಟು ತೆಗೆಸುತ್ತೇನೆ. ದುಡ್ಡಿಗೆ ಮೋಸವಿಲ್ಲವಾ ಅಂತ ಆಫೀಸಿನ ಹುಡುಗರು ಕೇಳುತ್ತಾರೆ. ಕೆಲವು ಚೆನ್ನಾಗಿಯೇ ಇರುತ್ತವೆ, ಸುಳ್ಳೇಕೆ ಹೇಳಲಿ. ಪಕ್ಕದಲ್ಲಿ ಮೊಣಕೈ ತಿವಿಯುವವರು ಮಾತ್ರ ಯಾವುದರ ಜೊತೆಗೂ ಬರಲಿಲ್ಲ.

ಮನೆಗೀಗ ಮೂರು ಅಂತಸ್ತು. ಅಪ್ಪನಿಗೆ ಮೊಣಕಾಲು ನೋವು, ಬಾಡಿಗೆಯ ಉಸ್ತುವಾರಿ ನನ್ನದು. ವಹಿಸಿಕೊಂಡ ವಾರವೇ ತಾರಸಿಯ ಬೀಗ ತೆಗೆಸಿದೆ. "ಮುಂದೆ ಪೈಪ್ ಒಡುದ್ರೆ ನೀನೇ ನೋಡ್ಕೊ" ಎಂದ ಅಪ್ಪ. ಒಡೆಯಲು ಯಾರೂ ಹತ್ತುವುದೇ ಇಲ್ಲ. ಎಲ್ಲರ ಮನೆಗೂ ಖಾರದ ಪುಡಿ ಪ್ಯಾಕೆಟ್ಟಿನಲ್ಲಿ ಬರುತ್ತದೆ.

ನೋಟ್‌ಬುಕ್ ನನ್ನ ಬೀರುವಿನಲ್ಲಿದೆ. ಕಡೆಯ ಪುಟದಲ್ಲಿ ಅವಳ ದುಂಡು ಅಕ್ಷರ: "ನಾಳೆ ಕೋಟೆಯ ಬಡಗಣ ಬಾಗಿಲು ತೆಗೆದು ಅಡವಿ ನೋಡುವುದು. ಮೌಸ್ ಒಂದು ಸಲ ನನಗೆ ಕೊಡು ಅಂತ ಕೇಳಬೇಕು."